ತಾಳ ತಪ್ಪುತ್ತಿದ್ದುದು ಎಲ್ಲಿ

ಗೊಲ್ಲತಿ ರಂಗಕ್ಕೆ ಬಂದಳು. ತಲೆಯ ಮೇಲಿನ ಗಡಿಗೆಗೆ ಒಂದು ಕೈ, ಸೊಂಟಕ್ಕೆ ಇನ್ನೊಂದು ಕೈ. ಎರಡು ಹೆಜ್ಜೆ ಇಟ್ಟು ಹಾಗೆಯೇ ನಿಂತುಬಿಟ್ಟಳು. ಹಿಮ್ಮೇಳದ ಹಾಡು ಮಾತ್ರ ನಿಲ್ಲಲಿಲ್ಲ. ಹಾರ್ಮೋನಿಯಂ, ತಬಲಾ, ತಾಳ ಎಲ್ಲವೂ ತಮ್ಮ ಪಾಡಿಗೆ ಮುಂದೆ ಸಾಗಿದವು. ಒಂದು ಸಾಲು ಮುಗಿಯುವ ಹೊತ್ತಿಗೆ ಗೊಲ್ಲತಿ ರಂಗದ ಇನ್ನೊಂದು ತುದಿಯಲ್ಲಿ ಕಾಣಿಸಿಕೊಂಡಳು. ನಡುವಿನ ಹೆಜ್ಜೆಗಳು ಕಣ್ಣಿಗೆ ಬೀಳಲೇ ಇಲ್ಲ.

ಮಾವನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದರು. ಸ್ವಲ್ಪ ಹೊತ್ತು ನೋಡಿ, "ತಾಳ ತಪ್ಪುತ್ತಿದೆ" ಎಂದರು. ಬಳಿಕ ಕಂಪ್ಯೂಟರ್‌ನಿಂದ ಮುಖ ತಿರುಗಿಸಿ, ಕಣ್ಣು ಮುಚ್ಚಿ, ಬರಿಯ ಹಾಡನ್ನು ಕೇಳತೊಡಗಿದರು.

ಅವರು ನಲವತ್ತು ವರ್ಷ ಶ್ರೀಕೃಷ್ಣ ಪಾರಿಜಾತ ಎಂಬ ನಮ್ಮ ಕಡೆಯ ಜಾನಪದ ಆಟದ ಮೇಳದಲ್ಲಿ ತಾಳ ಹಾಕಿದವರು. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗ ಅವರು ತಮ್ಮ ಕೈಯಲ್ಲೇ ಹಿಡಿದು ತಂದದ್ದು ಆ ಹಿತ್ತಾಳೆಯ ತಾಳದ ಜೋಡಿಯನ್ನು. ಈಗ ಮೊಣಕಾಲು ನೋವು. ರಾತ್ರಿಯಿಡೀ ನೆಲದ ಮೇಲೆ ಕುಳಿತು ಆಟ ನೋಡುವುದು ಆಗದು. ಈ ಸಲ ಲೋಕಾಪುರದ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಅವರದೇ ಹಳೆಯ ಮೇಳದ ಆಟವಿತ್ತು. ಹೋಗಲಾಗಲಿಲ್ಲ. ಹುಬ್ಬಳ್ಳಿಯಲ್ಲಿ ಮದುವೆಗಳ ವಿಡಿಯೊ ಮಾಡುವ ನಾದಿನಿಯ ಮಗ, ಅಂದರೆ ನಮ್ಮ ಅಳಿಯ, ಅಜ್ಜನಿಗಾಗಿಯೇ ಕ್ಯಾಮೆರಾ ಹೊತ್ತು ಹೋಗಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಚಿತ್ರೀಕರಿಸಿ, ಹಾರ್ಡ್ ಡಿಸ್ಕ್ ತಂದು ನಮ್ಮ ಮೇಜಿನ ಮೇಲೆ ಇಟ್ಟು ಹೋಗಿದ್ದ. ಅಂಥದ್ದನ್ನು ಅಜ್ಜ ಕಣ್ಣು ಮುಚ್ಚಿ ಕೇಳುವುದೆಂದರೆ ನನಗೆ ಸಹಿಸಲಾಗಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಕಂಪ್ಯೂಟರ್ ರಿಪೇರಿ ನನ್ನ ವಿದ್ಯೆಯಲ್ಲ. ಮರುದಿನ ಅಂಗಡಿಯೊಂದರಲ್ಲಿ ಕೇಳಿದೆ. ಕಂಪ್ಯೂಟರ್ ಯಾವ ವರ್ಷದ್ದು ಎಂದು ಕೇಳಿದರು. 2014 ಎಂದೆ. ಹಳೆಯದಾಯಿತು, ಹೊಸದು ಕೊಳ್ಳಿ, ನಲವತ್ತೈದು ಸಾವಿರದಿಂದ ಆರಂಭ ಎಂದರು. ಏಕೆ ನಿಂತು ನಿಂತು ಓಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕಾರಣ ತಿಳಿಯದೆ ಔಷಧಿ ಕೊಳ್ಳುವುದು ನನಗೆ ಒಗ್ಗದು. ವಿದ್ಯಾರ್ಥಿಗೆ ಲೆಕ್ಕ ತಪ್ಪಿದಾಗ ಯಾವ ಹಂತದಲ್ಲಿ ತಪ್ಪಿತು ಎಂದು ಮೊದಲು ನೋಡುತ್ತೇವೆ, ಪುಸ್ತಕವನ್ನೇ ಬದಲಿಸುವುದಿಲ್ಲ. ಮನೆಗೆ ಬಂದು ಹಾಗೆಯೇ ಆರಂಭಿಸಿದೆ.

ಹಾರ್ಡ್ ಡಿಸ್ಕ್‌ನಲ್ಲಿ ಮೂರು ಬಗೆಯ ಕಡತಗಳಿದ್ದವು. ಒಂದು, ಸುಮಾರು ಹನ್ನೆರಡು ವರ್ಷದ ಹಿಂದಿನ ಆಟದ್ದು. ಆಗಿನ ಸಣ್ಣ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದದ್ದು, ಮಾವನವರೇ ತಾಳ ಹಾಕುತ್ತಿರುವುದು. ಎರಡನೆಯದು, ಈ ಸಲದ ಆಟದ ಮೊದಲ ಭಾಗ, ಅಳಿಯ ತನ್ನ ಮೊಬೈಲ್‌ನಲ್ಲಿ ತೆಗೆದದ್ದು. ಮೂರನೆಯದು, ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಒಂದು ಗಂಟೆ ಹತ್ತು ನಿಮಿಷದ ಮುಖ್ಯ ಭಾಗ. ಮೂರೂ ಮುಗ್ಗರಿಸುತ್ತಿದ್ದವು. ಆದರೆ ಮೂರೂ ಒಂದೇ ರೀತಿ ಮುಗ್ಗರಿಸುತ್ತಿರಲಿಲ್ಲ. ಹಳೆಯದು ಆಗಾಗ ಮಾತ್ರ ಎಡವುತ್ತಿತ್ತು. ಮೊಬೈಲ್‌ನದು ಎರಡು ಸೆಕೆಂಡಿಗೊಮ್ಮೆ ನಿಲ್ಲುತ್ತಿತ್ತು. ಕ್ಯಾಮೆರಾದ್ದು ಓಡುತ್ತಿತ್ತು ಎಂದು ಹೇಳುವುದೇ ಕಷ್ಟ. ಗೋಡೆಗೆ ಒಂದೊಂದಾಗಿ ಫೋಟೊ ತೂಗುಹಾಕಿದಂತಿತ್ತು. ಈ ವ್ಯತ್ಯಾಸವೇ ನನಗೆ ಸಿಕ್ಕ ಮೊದಲ ಸುಳಿವು. ಎಲ್ಲದಕ್ಕೂ ಒಂದೇ ರೋಗವಾಗಿದ್ದರೆ ಲಕ್ಷಣವೂ ಒಂದೇ ಇರಬೇಕಿತ್ತು.

ವಿಎಲ್‌ಸಿ ಪ್ಲೇಯರ್‌ನಲ್ಲಿ ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಓಡುತ್ತಿರುವ ಕಡತದ ಜಾತಕ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ನಾನು ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4 ಎಂಬುದೇ ಅದರ ಜಾತಿ ಎಂದುಕೊಂಡಿದ್ದೆ. ಅದು ಬರಿಯ ಚೀಲ. ಚೀಲ ನೋಡಿ ಒಳಗೆ ಜೋಳವಿದೆಯೋ ಸಜ್ಜೆಯಿದೆಯೋ ಹೇಳಲಾಗದು. ಒಳಗಿನ ಚಿತ್ರವನ್ನು ಯಾವ ವಿಧಾನದಿಂದ ಕುಗ್ಗಿಸಿದ್ದಾರೆ ಎಂಬುದು ಮುಖ್ಯ. ಅದಕ್ಕೆ ಕೋಡೆಕ್ ಎನ್ನುತ್ತಾರೆ. ಹಳೆಯ ಹ್ಯಾಂಡಿಕ್ಯಾಮ್‌ನದು 2003ರಲ್ಲಿ ರೂಪುಗೊಂಡ ಎಚ್.264. ಮೊಬೈಲ್‌ನದು 2013ರ ಎಚ್.265, ಅದನ್ನೇ ಎಚ್‌ಇವಿಸಿ ಎಂದೂ ಕರೆಯುತ್ತಾರೆ. ಕ್ಯಾಮೆರಾದ್ದು ಮತ್ತೆ ಎಚ್.264 ಎಂದೇ ತೋರಿಸಿತು. ಹಳೆಯ ವಿಧಾನವಾಗಿದ್ದೂ ಅದೇ ಎಲ್ಲಕ್ಕಿಂತ ಹೆಚ್ಚು ತಡವರಿಸುವುದೇಕೆ ಎಂಬುದು ಆಗ ಅರ್ಥವಾಗಲಿಲ್ಲ. ಅದು ನನ್ನನ್ನು ಮೂರು ವಾರ ಕಾಡಿತು.

ಗಣಿತದವಳಾದ್ದರಿಂದ ಲೆಕ್ಕ ಹಾಕಿದೆ. ಸಾಮಾನ್ಯ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ, ಅಂದರೆ 20,73,600 ಚುಕ್ಕೆ. 4ಕೆ ಎಂದರೆ 3840ಕ್ಕೆ 2160, ಅಂದರೆ 82,94,400. ದೊಡ್ಡ ಕ್ಯಾಮೆರಾ ಸೆಕೆಂಡಿಗೆ ಇಂಥ 50 ಚಿತ್ರ ತೆಗೆದಿತ್ತು. ಸೆಕೆಂಡಿಗೆ 41 ಕೋಟಿ 47 ಲಕ್ಷ ಚುಕ್ಕೆ! ಒಂದು ಚಿತ್ರಕ್ಕೆ ಸಿಗುವ ಸಮಯ ಸೆಕೆಂಡಿನ ಐವತ್ತನೇ ಒಂದು ಭಾಗ, 20 ಮಿಲಿಸೆಕೆಂಡ್. ಇಷ್ಟನ್ನೂ ಹಾಗೆಯೇ ಬರೆದಿಟ್ಟರೆ ಯಾವ ಡಿಸ್ಕೂ ಸಾಲದು. ಅದಕ್ಕೇ ಒಂದು ಚಿತ್ರವನ್ನು ಪೂರ್ತಿಯಾಗಿ ಇಟ್ಟು, ಮುಂದಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತಾರೆ. ಹಿಂದಿನ ಪರದೆ, ದೀಪ, ಕಂಬ ಅಲ್ಲಿಯೇ ಇವೆ. ಗೊಲ್ಲತಿಯ ಕೈ ಮಾತ್ರ ಇಷ್ಟು ಸರಿಯಿತು ಎಂದು. ಓಡಿಸುವಾಗ ಕಂಪ್ಯೂಟರ್ ಆ ಟಿಪ್ಪಣಿಗಳನ್ನು ಓದಿ ಪ್ರತಿ ಚಿತ್ರವನ್ನೂ ಮತ್ತೆ ಕಟ್ಟಬೇಕು. ಕಟ್ಟುವುದು ತಡವಾದರೆ ಪ್ಲೇಯರ್ ಕೆಲವು ಚಿತ್ರಗಳನ್ನು ಎಸೆದು ಮುಂದಕ್ಕೆ ಜಿಗಿಯುತ್ತದೆ. ಧ್ವನಿಯ ಗಾತ್ರ ಚಿತ್ರದ ಮುಂದೆ ಏನೂ ಅಲ್ಲ; ಅದು ಯಾವಾಗಲೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಹಾಡು ಮುಂದೆ ಹೋಗಿ ಹೆಜ್ಜೆ ಹಿಂದೆ ಉಳಿದದ್ದು ಹೀಗೆ. ಮಾವನವರು ತಾಳ ತಪ್ಪುತ್ತಿದೆ ಎಂದದ್ದು ಅಕ್ಷರಶಃ ನಿಜವಾಗಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಮೂರನ್ನೂ ಓಡಿಸಿದೆ. ಹಳೆಯ ಕಡತಕ್ಕೆ ಪ್ರೊಸೆಸರ್ ನೂರಕ್ಕೆ ಎಪ್ಪತ್ತರ ಆಸುಪಾಸು ದುಡಿಯುತ್ತಿತ್ತು. ಉಳಿದ ಎರಡಕ್ಕೆ ನೂರಕ್ಕೆ ನೂರು. ನಮ್ಮದು ಇಂಟೆಲ್ ಕಂಪನಿಯ ನಾಲ್ಕನೇ ಪೀಳಿಗೆಯ ಐ3, ಎರಡು ಕೋರ್. ಹನ್ನೆರಡು ವರ್ಷ ಹಳೆಯ ಎಚ್‌ಡಿ ಕಡತಕ್ಕೇ ಅದು ಇಷ್ಟು ಏದುಸಿರು ಬಿಡಬಾರದು ಎಂದು ಅಳಿಯ ಫೋನಿನಲ್ಲಿ ಹೇಳಿದ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಎಂಬಲ್ಲಿ ಏನಿದೆ ನೋಡಿ ಎಂದ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿತ್ತು. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅತ್ತೆ, ಪರದೆಯ ಮೇಲಿನ ಅಕ್ಷರಗಳು ಅಗಲಕ್ಕೆ ಎಳೆದಂತೆ ಕಾಣುತ್ತವೆಯೇ?" ಎಂದು ಕೇಳಿದ. ಹೌದು, ಒಂದು ವರ್ಷದಿಂದ ಹಾಗೆಯೇ ಇದ್ದವು. ಹಿಂದಿನ ವರ್ಷ ಡಿಸ್ಕ್ ಕೆಟ್ಟು ವಿಂಡೋಸ್ ಮತ್ತೆ ಹಾಕಿಸಿದಾಗ, ಹಾಕಿದವರು ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಮೂಡಿಸುವ ಭಾಗವನ್ನು ವಿಂಡೋಸ್ ದುಡಿಸಿಕೊಳ್ಳಲು ಬೇಕಾದ ತಂತ್ರಾಂಶ, ಹಾಕದೆ ಬಿಟ್ಟಿದ್ದರು. ನಮ್ಮ ಕಂಪ್ಯೂಟರ್‌ಗೆ ಇಂಟರ್‌ನೆಟ್ ಇರಲಿಲ್ಲವಾದ್ದರಿಂದ ಅದು ತಾನಾಗಿ ಇಳಿದುಕೊಳ್ಳುವ ಅವಕಾಶವೂ ಇರಲಿಲ್ಲ. ಎಳೆದಂಥ ಅಕ್ಷರಗಳಿಗೆ ನಮ್ಮ ಕಣ್ಣು ಹೊಂದಿಕೊಂಡುಬಿಟ್ಟಿತ್ತು.

ಡ್ರೈವರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಮನೆಯಲ್ಲಿ ಮುಂಬಯಿ ಪ್ರಾಂತ್ಯದ ಕಾಲದ ಹೊಲದ ಕಾಗದಗಳಿವೆ, ಮೋಡಿ ಲಿಪಿಯಲ್ಲಿ. ನಾನು ಅವನ್ನು ಓದಬೇಕಾದರೆ ಅಕ್ಷರಮಾಲೆ ಪಕ್ಕದಲ್ಲಿಟ್ಟುಕೊಂಡು ಒಂದು ಸಾಲಿಗೆ ಅರ್ಧ ದಿನ ತೆಗೆದುಕೊಳ್ಳುತ್ತೇನೆ. ಮೋಡಿ ಬಲ್ಲ ಹಿರಿಯರೊಬ್ಬರು ಒಂದೇ ನೋಟದಲ್ಲಿ ಓದಿ ಹೇಳುತ್ತಾರೆ. ಕಂಪ್ಯೂಟರ್‌ನ ಗ್ರಾಫಿಕ್ಸ್ ಭಾಗದೊಳಗೆ ವಿಡಿಯೊ ಓದುವುದಕ್ಕೆಂದೇ ಕೆತ್ತಿದ ಒಂದು ಸಣ್ಣ ಮಂಡಲ ಇರುತ್ತದೆ. ಅದು ಮೋಡಿ ಬಲ್ಲ ಹಿರಿಯರಂತೆ. ತನಗೆ ಗೊತ್ತಿರುವ ಲಿಪಿಯನ್ನು ಬೆವರದೆ ಓದುತ್ತದೆ. ಪ್ರೊಸೆಸರ್ ನನ್ನಂತೆ; ಯಾವ ಲಿಪಿಯನ್ನಾದರೂ ಓದಬಲ್ಲದು, ಆದರೆ ಅಕ್ಷರ ಕೂಡಿಸಿ ಕೂಡಿಸಿ. ಡ್ರೈವರ್ ಇಲ್ಲದೆ ಆ ಹಿರಿಯರನ್ನು ಕರೆಯುವವರೇ ಇರಲಿಲ್ಲ. ಅವರು ಒಳಮನೆಯಲ್ಲಿ ಸುಮ್ಮನೆ ಕುಳಿತಿದ್ದರು.

ಡ್ರೈವರ್ ಅನ್ನು ಶಾಲೆಯಲ್ಲಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬಂದು ಹಾಕಿದೆ. ಮೊದಲು ಅಕ್ಷರಗಳು ನೆಟ್ಟಗಾದವು. ವಿಎಲ್‌ಸಿಯ ಆದ್ಯತೆಗಳಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಎಂಬುದನ್ನು ತಾನೇ ಆರಿಸಿಕೊಳ್ಳುವಂತೆ ಬಿಟ್ಟು ಹಳೆಯ ಕಡತ ಓಡಿಸಿದೆ. ಎಪ್ಪತ್ತಿದ್ದ ಅಂಕಿ ಹದಿನೈದಕ್ಕಿಂತ ಕೆಳಗೆ ಬಂತು. ಒಂದು ರೂಪಾಯಿಯ ಖರ್ಚಿಲ್ಲ. ನಲವತ್ತೈದು ಸಾವಿರದ ಮಾತು ನೆನಪಾಗಿ ಮೈ ಉರಿಯಿತು.

ಮಾವನವರನ್ನು ಕರೆದು ಕೂರಿಸಿದೆ. ತಮ್ಮನ್ನು ತಾವೇ ನೋಡಿಕೊಂಡು ನಕ್ಕರು. ಆಮೇಲೆ ಬೆರಳು ಚಾಚಿ, "ನನ್ನ ಕೈಗೆ ಏನಾಗಿದೆ?" ಎಂದರು. ಹತ್ತಿರ ಹೋಗಿ ನೋಡಿದೆ. ದೇಹ, ಮುಖ, ಹಿಂದಿನ ಪರದೆ ಎಲ್ಲವೂ ಸ್ಫುಟವಾಗಿದ್ದವು. ತಾಳ ಹಿಡಿದ ಎರಡು ಕೈಗಳು ಮಾತ್ರ ಬಾಚಣಿಗೆಯ ಹಲ್ಲುಗಳಂತೆ ಅಡ್ಡಡ್ಡ ಸೀಳಿದ್ದವು. ಕೈ ನಿಂತ ಕ್ಷಣ ಹಲ್ಲುಗಳು ಮಾಯ. ಕೈ ಆಡಿದೊಡನೆ ಮತ್ತೆ ಹಲ್ಲು. ಎಡಗೈಯದು ಕಡಿಮೆ, ಬಲಗೈಯದು ಹೆಚ್ಚು. ಬಲಗೈಯೇ ಹೆಚ್ಚು ಆಡುತ್ತಿತ್ತು.

ಇದಕ್ಕೆ ಕಾರಣ ಕಂಪ್ಯೂಟರ್‌ನ ವೇಗವಲ್ಲ, ಆ ಕಾಲದ ಕ್ಯಾಮೆರಾಗಳ ಪದ್ಧತಿ. ಅವು ಒಂದು ಚಿತ್ರವನ್ನು ಎರಡು ಕಂತಿನಲ್ಲಿ ತೆಗೆಯುತ್ತಿದ್ದವು. ಮೊದಲು ಬೆಸ ಸಾಲುಗಳು, ಸೆಕೆಂಡಿನ ಐವತ್ತನೇ ಒಂದು ಭಾಗದ ಬಳಿಕ ಸಮ ಸಾಲುಗಳು. ಆ ಅಷ್ಟೇ ಸಮಯದಲ್ಲಿ ತಾಳ ಹಾಕುವ ಕೈ ಒಂದು ಬೆರಳಿನಷ್ಟು ಸರಿದಿರುತ್ತದೆ. ಎರಡೂ ಕಂತನ್ನು ಮಾನಿಟರ್ ಮೇಲೆ ಒಟ್ಟಿಗೆ ಇಟ್ಟರೆ ಹಲ್ಲು ಮೂಡುತ್ತವೆ. ಹಳೆಯ ಟಿವಿಗಳು ಇದಕ್ಕೆಂದೇ ಹುಟ್ಟಿದ್ದವು. ಕಂಪ್ಯೂಟರ್‌ಗೆ ನಾವು ಹೇಳಬೇಕು. ವಿಎಲ್‌ಸಿಯ ವಿಡಿಯೊ ಪಟ್ಟಿಯಲ್ಲಿ ಡಿಇಂಟರ್‌ಲೇಸ್ ಎಂಬುದನ್ನು ಆನ್ ಮಾಡಿ, ವಿಧಾನಗಳಲ್ಲಿ ಯಾಡಿಫ್ 2ಎಕ್ಸ್ ಆರಿಸಿದೆ. ಅದು ಪ್ರತಿ ಕಂತನ್ನೂ ಒಂದು ಪೂರ್ತಿ ಚಿತ್ರವಾಗಿ ಬೆಳೆಸಿ ಸೆಕೆಂಡಿಗೆ ಐವತ್ತು ಚಿತ್ರ ತೋರಿಸುತ್ತದೆ. ಕೈಗಳು ಕೈಗಳಾದವು. ಹಿತ್ತಾಳೆಯ ಅಂಚಿನ ಹೊಳಪೂ ಕಂಡಿತು. ಅದೇ ಜೋಡಿ ಈಗ ನಮ್ಮ ದೇವರ ಮನೆಯ ಗೂಡಿನಲ್ಲಿದೆ.

ಮೊಬೈಲ್‌ನ ಕಡತಕ್ಕೆ ಡ್ರೈವರ್‌ನಿಂದ ಯಾವ ಉಪಯೋಗವೂ ಆಗಲಿಲ್ಲ. ನಾಲ್ಕನೇ ಪೀಳಿಗೆಯ ಪ್ರೊಸೆಸರ್ ಬಂದದ್ದು 2013ರಲ್ಲಿ, ಎಚ್‌ಇವಿಸಿ ಹುಟ್ಟಿದ ವರ್ಷದಲ್ಲೇ. ಅದರ ಒಳಗಿನ ಹಿರಿಯರಿಗೆ ಈ ಲಿಪಿ ಗೊತ್ತಿಲ್ಲ. ಆರನೇ ಪೀಳಿಗೆ ಎಂಟು ಬಿಟ್‌ನ ಎಚ್‌ಇವಿಸಿ ಓದುತ್ತದೆ, ಏಳನೆಯದು ಹತ್ತು ಬಿಟ್‌ನದನ್ನೂ ಓದುತ್ತದೆ. ಅಳಿಯನ ಮೊಬೈಲ್ ಬರೆದದ್ದು ಹತ್ತು ಬಿಟ್. ಎಂಟು ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲಾದರೆ ಹತ್ತರಲ್ಲಿ 1024.

ಹಾಗಿದ್ದರೆ ಆ ಲಿಪಿ ಬಲ್ಲ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಕೂರಿಸಿದರೆ ಸಾಕಲ್ಲವೇ? ಸಾಕು. ಆದರೆ ಇಲ್ಲಿಯೂ ಎಚ್ಚರ ಬೇಕು. ಅಂಗಡಿಯಲ್ಲಿ ಜಿಟಿ 710 ಎಂಬ ಕಾರ್ಡ್ ಕೊಡುತ್ತೇನೆ, ಕಡಿಮೆ ಬೆಲೆ, ವಿಡಿಯೊ ನೋಡಲು ಧಾರಾಳ ಎಂದರು. ನಾನು ಆ ಹೊತ್ತಿಗೆ ಓದಿಕೊಂಡು ಹೋಗಿದ್ದೆ. ಆ ಕಾರ್ಡ್ ಎಚ್.264 ಓದುತ್ತದೆ, ಎಚ್‌ಇವಿಸಿ ಓದುವುದಿಲ್ಲ. ಹಾಕಿದರೂ ನನ್ನ ಸಮಸ್ಯೆ ಇದ್ದಲ್ಲೇ ಇರುತ್ತಿತ್ತು. 2017ರಲ್ಲಿ ಬಂದ ಜಿಟಿ 1030 ಹತ್ತು ಬಿಟ್‌ನ ಎಚ್‌ಇವಿಸಿಯನ್ನೂ ಓದುತ್ತದೆ, ಬಳಸುವುದು 30 ವ್ಯಾಟ್ ಮಾತ್ರ, ವಿದ್ಯುತ್ ಪೂರೈಸುವ ಹಳೆಯ ಎಸ್‌ಎಂಪಿಎಸ್ ಪೆಟ್ಟಿಗೆಗೆ ಭಾರವಿಲ್ಲ, ಬೇರೆ ತಂತಿಯೂ ಬೇಡ. ಅದರಲ್ಲಿ ನಿಧಾನದ ಮೆಮೊರಿಯದೂ ಒಂದಿದೆ, ವೇಗದ್ದೂ ಒಂದಿದೆ. ಜಿಡಿಡಿಆರ್5 ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನೇ ಕೊಡಿ ಎಂದೆ. ಏಳು ಸಾವಿರದೊಳಗೆ ಬಂತು. ದುಡ್ಡು ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ತಿಳಿದು ಕೊಟ್ಟದ್ದು ನನಗೆ ಸಮಾಧಾನ ತಂದಿತು.

ಕ್ಯಾಬಿನೆಟ್ ತೆರೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರೊಸೆಸರ್ ಮೇಲಿನ ಫ್ಯಾನ್‌ನ ಅಡಿಯಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಬಾಗಲಕೋಟೆಯ ಏಪ್ರಿಲ್ ಎಂದರೆ ಹೊರಗೆ 40 ಡಿಗ್ರಿ. ಒಳಗೆ ಪ್ರೊಸೆಸರ್ 90ರ ಮೇಲೆ ಕಾಯುತ್ತಿತ್ತು. ಅಷ್ಟು ಕಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಸಂಜೆ ಓಡಿದ ಕಡತ ಮಧ್ಯಾಹ್ನ ಓಡದಿರುವುದಕ್ಕೆ ಇದೂ ಒಂದು ಕಾರಣ. ಮೃದುವಾದ ಬ್ರಷ್‌ನಿಂದ ಧೂಳು ತೆಗೆದು, ಒಣಗಿ ಬಿರಿದಿದ್ದ ಹಳೆಯ ಲೇಪ ಒರೆಸಿ, ಕಡಲೆಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಇಟ್ಟು ಮುಚ್ಚಿದೆ. ಇಪ್ಪತ್ತು ಡಿಗ್ರಿ ಇಳಿಯಿತು.

ಕಾರ್ಡ್ ಹಾಕಿ, ಡ್ರೈವರ್ ಹಾಕಿ, ಮೊಬೈಲ್‌ನ ಕಡತ ಓಡಿಸಿದೆ. ಮತ್ತೆ ತಡವರಿಕೆ! ಅರ್ಧ ಗಂಟೆ ಎಲ್ಲವನ್ನೂ ತಡಕಾಡಿದ ಮೇಲೆ ತಿಳಿಯಿತು, ಮಾನಿಟರ್‌ನ ತಂತಿ ಇನ್ನೂ ಮದರ್‌ಬೋರ್ಡ್‌ನ ಹಳೆಯ ಕಿಂಡಿಯಲ್ಲೇ ಇತ್ತು. ತೆಗೆದು ಕಾರ್ಡ್‌ನ ಕಿಂಡಿಗೆ ಚುಚ್ಚಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಡಿಯೊ ಡಿಕೋಡ್ ಎಂಬ ಗೆರೆ ಮೇಲೆದ್ದಿತು, ಪ್ರೊಸೆಸರ್‌ನ ಗೆರೆ ನೆಲಕ್ಕಂಟಿತು. ಗೊಲ್ಲತಿ ಈ ತುದಿಯಿಂದ ಆ ತುದಿಗೆ ನಡೆದು ಹೋದಳು, ಒಂದೊಂದು ಹೆಜ್ಜೆಯೂ ಇತ್ತು.

ಉಳಿದದ್ದು ದೊಡ್ಡ ಕ್ಯಾಮೆರಾದ್ದು. ಅದು ಕಾರ್ಡ್ ಬಂದ ಮೇಲೂ ಫೋಟೊ ತೂಗುಹಾಕುವುದನ್ನು ಬಿಡಲಿಲ್ಲ. ಮೊದಲು ಡಿಸ್ಕ್ ಮೇಲೆ ಅನುಮಾನ ಬಂತು. ಕಡತದ ಬಿಟ್‌ರೇಟ್, ಅಂದರೆ ಓಡುವಾಗ ಓದಬೇಕಾದ ಮಾಹಿತಿಯ ಪ್ರಮಾಣ, ಸೆಕೆಂಡಿಗೆ 200 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 25 ಮೆಗಾಬೈಟ್. ನಾನು ಡಿಸ್ಕನ್ನು ಮುಂದಿನ ಯುಎಸ್‌ಬಿ 2.0 ಕಿಂಡಿಗೆ ಚುಚ್ಚಿದ್ದೆ. ಅದರ ಮೇಲೆ ಬರೆದಿರುವ 480 ಮೆಗಾಬಿಟ್ ಕಾಗದದ ಮೇಲಿನ ಮಾತು. ನಿಜದಲ್ಲಿ ಮೂವತ್ತು ಮೆಗಾಬೈಟ್ ಬಂದರೆ ಹೆಚ್ಚು. ಅಂಚಿನಲ್ಲಿ ಓಡುತ್ತಿತ್ತು ಎಂದಾಯಿತು. ಹಿಂದಿನ ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಗೆ ಬದಲಿಸಿದೆ. ಕಡತದ ನಡುವಿಗೆ ಹಾರಿದಾಗ ಕಾಯುವುದು ಕಡಿಮೆಯಾಯಿತು, ಅಷ್ಟೇ. ಪ್ರೊಸೆಸರ್ ಇನ್ನೂ ನೂರರಲ್ಲಿತ್ತು, ವಿಡಿಯೊ ಡಿಕೋಡ್ ಗೆರೆ ಸೊನ್ನೆಯಲ್ಲಿ ಮಲಗಿತ್ತು. ಅಂದರೆ ಎಚ್.264 ಬಲ್ಲ ಕಾರ್ಡ್ ಈ ಎಚ್.264 ಅನ್ನು ಮುಟ್ಟಲೇ ಇಲ್ಲ.

ಇದೇ ನನ್ನ ಮೂರು ವಾರದ ಒಗಟು. ಉತ್ತರ ಅದೇ ಕೋಡೆಕ್ ಪುಟದಲ್ಲಿ ನಾನು ಓದದೆ ಬಿಟ್ಟ ಒಂದು ಸಾಲಿನಲ್ಲಿತ್ತು: 4:2:2, ಹತ್ತು ಬಿಟ್. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗುರುತಿಸುವುದಿಲ್ಲ. ಆದ್ದರಿಂದ ಬೆಳಕನ್ನು ಪ್ರತಿ ಚುಕ್ಕೆಗೂ ಬರೆದು, ಬಣ್ಣವನ್ನು ಕೆಲವು ಚುಕ್ಕೆಗಳಿಗೆ ಹಂಚುತ್ತಾರೆ. ಸಾಮಾನ್ಯ ವಿಡಿಯೊದಲ್ಲಿ ನಾಲ್ಕು ಚುಕ್ಕೆಗೆ ಒಂದು ಬಣ್ಣ. ಅದನ್ನು 4:2:0 ಎನ್ನುತ್ತಾರೆ. 4:2:2ರಲ್ಲಿ ಎರಡು ಚುಕ್ಕೆಗೆ ಒಂದು. ಬಣ್ಣ ತಿದ್ದುವ ಕೆಲಸವಿರುವ ಮದುವೆಯ ವಿಡಿಯೊದವರಿಗೆ ಇದು ಬೇಕು, ಅಳಿಯ ಅಭ್ಯಾಸಬಲದಿಂದ ಅದರಲ್ಲೇ ತೆಗೆದಿದ್ದ. ಆದರೆ ನನ್ನ ಕಾರ್ಡ್‌ನ ಮಂಡಲ ಎಚ್.264ರಲ್ಲಿ ಓದಬಲ್ಲದ್ದು ಎಂಟು ಬಿಟ್‌ನ 4:2:0 ಮಾತ್ರ. ಹೆಸರು ಎಚ್.264 ಎಂದೇ ಇದ್ದರೂ ಅದು ಬೇರೆ ಕೈಬರಹ. ಈ ಒಂದು ಸಾಲನ್ನು ಯಾರೂ ಎತ್ತಿ ಹೇಳುವುದಿಲ್ಲ. ಎಷ್ಟು ಜನ ಇದಕ್ಕಾಗಿ ಕಂಪ್ಯೂಟರ್‌ಗಳನ್ನೇ ಬದಲಿಸಿರಬಹುದೋ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಇನ್ನೂ ದುಡ್ಡು ಸುರಿಯುವ ಮನಸ್ಸಿರಲಿಲ್ಲ, ಅಗತ್ಯವೂ ಇರಲಿಲ್ಲ. ನೋಡುವುದಕ್ಕೆಂದು ಒಂದು ಪ್ರತಿ ಮಾಡಿಕೊಂಡರಾಯಿತು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 1080, ಎಚ್.264, ಎಂಟು ಬಿಟ್, ಗುಣಮಟ್ಟ 20 ಎಂದು ಕೊಟ್ಟು, ಸೆಕೆಂಡಿಗೆ ಐವತ್ತು ಚಿತ್ರ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ. ಚಿತ್ರ ಕಡಿಮೆ ಮಾಡಿದರೆ ಹೆಜ್ಜೆ ಕಡಿಮೆಯಾಗುತ್ತದೆ. 70 ನಿಮಿಷಕ್ಕೆ 2,10,000 ಚಿತ್ರ. ನಮ್ಮ ಐ3 ಸೆಕೆಂಡಿಗೆ ಎಂಟರಂತೆ ತಿರುವುತ್ತಿತ್ತು. ರಾತ್ರಿ ಹತ್ತಕ್ಕೆ ಹಚ್ಚಿ ಮಲಗಿದೆ. ಮೂರು ಗಂಟೆಗೆ ವಿದ್ಯುತ್ ಹೋಯಿತು. ಐದು ಗಂಟೆಯ ಕೆಲಸ ನೀರಿಗೆ ಹೋಯಿತು. ಮರುದಿನ ಕಡತವನ್ನು ಮೂರು ತುಂಡಾಗಿ ಸರದಿಗೆ ಹಚ್ಚಿದೆ, ಹೋದರೆ ಒಂದು ತುಂಡು ಹೋಗಲಿ ಎಂದು. ಬೆಳಿಗ್ಗೆ ಐದೂವರೆಗೆ ಎದ್ದಾಗ ಮೂರೂ ಮುಗಿದಿದ್ದವು. ಮೂಲ ಕಡತವನ್ನು ಅಳಿಸಲಿಲ್ಲ, ಅಳಿಸಲೂಬಾರದು. ಮೇಳದ ಆಟ ಮುಂದಿನವರಿಗೆ ಉಳಿಯಬೇಕಾದದ್ದು ಅದರಲ್ಲೇ.

ಈಗ ಎಲ್ಲವೂ ಸರಿಯಾಯಿತು ಎಂದುಕೊಂಡೆ. ಎಂಪಿವಿ ಎಂಬ ಇನ್ನೊಂದು ಪ್ಲೇಯರ್‌ನಲ್ಲಿ ಐ ಅಕ್ಷರ ಒತ್ತಿದರೆ ಎಷ್ಟು ಚಿತ್ರ ಕಳೆದುಹೋದವು ಎಂಬ ಅಂಕಿ ಕಾಣುತ್ತದೆ. ಸೊನ್ನೆ. ಪ್ರೊಸೆಸರ್ ತಣ್ಣಗಿತ್ತು. ಮಾವನವರು ಹತ್ತು ನಿಮಿಷ ನೋಡಿ, "ಮೊಬೈಲ್‌ನದು ಚೆನ್ನಾಗಿದೆ. ಇದು ಇನ್ನೂ ಕಾಲು ಎಳೆಯುತ್ತಿದೆ" ಎಂದರು. ನನಗೆ ಕಾಣಿಸಲಿಲ್ಲ. ನನ್ನ ಗಂಡನಿಗೂ ಕಾಣಿಸಲಿಲ್ಲ. ವಯಸ್ಸಾದ ಕಣ್ಣು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇಲ್ಲಿಯವರೆಗೆ ಅವರು ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ. ಕೊರವಂಜಿ ರಂಗದ ಉದ್ದಕ್ಕೂ ಸಾಗುವ, ಅವಳ ಜೊತೆ ಕ್ಯಾಮೆರಾವೂ ಹೊರಳುವ ಜಾಗವನ್ನು ಪದೇ ಪದೇ ಓಡಿಸಿ, ಹಿಂದಿನ ಕಂಬವನ್ನೇ ದಿಟ್ಟಿಸಿದೆ. ಕಂಬ ಜಾರಿಕೊಂಡು ಹೋಗುತ್ತಿರಲಿಲ್ಲ, ಸಣ್ಣಗೆ ನಡುಗುತ್ತಾ ಹೋಗುತ್ತಿತ್ತು.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ದೀಪಗಳು ಮಿನುಗದಂತೆ ನಮ್ಮ ಕಡೆ 25 ಅಥವಾ 50 ಚಿತ್ರದ ಲೆಕ್ಕದಲ್ಲಿ ಚಿತ್ರೀಕರಿಸುತ್ತಾರೆ. ಕಂಪ್ಯೂಟರ್‌ನ ಮಾನಿಟರ್ ಮಾತ್ರ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಐವತ್ತು ಚಿತ್ರವನ್ನು ಅರವತ್ತು ಮನೆಗಳಲ್ಲಿ ಕೂರಿಸಬೇಕು. ಐದು ಚಿತ್ರಕ್ಕೆ ಆರು ಮನೆ. ಪ್ರತಿ ಐದರಲ್ಲಿ ಒಂದು ಚಿತ್ರ ಎರಡು ಮನೆ ಹೊತ್ತು ನಿಲ್ಲುತ್ತದೆ. ಸೆಕೆಂಡಿಗೆ ಹತ್ತು ಸಲ ಈ ಸಣ್ಣ ತಡೆ. ಮೊಬೈಲ್ 30 ಚಿತ್ರದ್ದು, ಪ್ರತಿಯೊಂದಕ್ಕೂ ಸರಿಯಾಗಿ ಎರಡು ಮನೆ, ಹಾಗಾಗಿ ನಡುಕವಿಲ್ಲ. ಇದನ್ನು ಮಾವನವರಿಗೆ ಹೇಗೆ ಹೇಳುವುದೆಂದು ಯೋಚಿಸಿ, ಮೇಜಿನ ಮೇಲೆ ಬೆರಳಿನಿಂದ ಐದು ಪೆಟ್ಟು ಹಾಕಿ, ಐದನೆಯದನ್ನು ಒಂದು ಮಾತ್ರೆ ಹೆಚ್ಚು ಹಿಡಿದು ತೋರಿಸಿದೆ. ಎರಡನೇ ಸುತ್ತಿಗೇ ಅವರು, "ಹೌದು, ಅದೇ. ಅದೇ ಎಳೆತ" ಎಂದರು.

ಪರಿಹಾರ ಮಾನಿಟರ್‌ಗೆ 50ರ ನಡೆ ಕಲಿಸುವುದು. ನಮ್ಮ ಹಳೆಯ ಮಾನಿಟರ್ ಒಪ್ಪಲಿಲ್ಲ, ಅದಕ್ಕೆ 60 ಒಂದೇ ಗೊತ್ತು. ಪಡಸಾಲೆಯ ಟಿವಿಗೆ ಗೊತ್ತಿತ್ತು. ಐದು ಮೀಟರ್ ಎಚ್‌ಡಿಎಂಐ ತಂತಿ ತಂದು ಗೋಡೆಯ ಅಂಚಿನಲ್ಲಿ ಎಳೆದೆ. ಡಿಸ್‌ಪ್ಲೇಯ ಮುಂದುವರಿದ ಆಯ್ಕೆಗಳಲ್ಲಿ ರಿಫ್ರೆಶ್ ರೇಟ್ ಪಟ್ಟಿ ತೆರೆದು 50 ಹರ್ಟ್ಜ್ ಆರಿಸಿದೆ. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಕಂಬ ಎಣ್ಣೆಯ ಮೇಲೆ ಜಾರಿದಂತೆ ಸಾಗಿತು. ಒಮ್ಮೆ ನೋಡಿದ ಮೇಲೆ ನನಗೂ ಹಳೆಯ ನಡುಕ ಎಲ್ಲೆಲ್ಲೂ ಕಾಣತೊಡಗಿದೆ.

ಆ ಭಾನುವಾರ ಸಂಜೆ ಮಾವನವರು ಸ್ನಾನ ಮಾಡಿ, ಬಿಳಿಯ ಪಟಗಾ ಸುತ್ತಿಕೊಂಡು ಬಂದು ಕುಳಿತರು. ಆಟಕ್ಕೆ ಹೊರಡುವಾಗ ಸುತ್ತುತ್ತಿದ್ದದ್ದು ಅದೇ. ಮಡಿಲಲ್ಲಿ ತಾಳದ ಜೋಡಿ. ಬಾರಿಸಲಿಲ್ಲ, ಹಿಡಿದುಕೊಂಡಿದ್ದರು. ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಕೊರವಂಜಿಯ ಪ್ರವೇಶದ ಬಳಿಕ ಅವರು ಥಟ್ಟನೆ ಕೈ ಎತ್ತಿದರು. "ನಿಲ್ಲಿಸು. ತಾಳ ತಪ್ಪಿತು."

ನನ್ನ ಎದೆ ಧಸಕ್ಕೆಂದಿತು. ಐ ಅಕ್ಷರ ಒತ್ತಿ ಅಂಕಿ ನೋಡಿದೆ. ಕಳೆದುಹೋದ ಚಿತ್ರ ಸೊನ್ನೆ. ಹಿಂದಕ್ಕೆ ತಂದು ಮತ್ತೆ ಓಡಿಸಿದೆ. ಮತ್ತೊಮ್ಮೆ ಓಡಿಸು ಎಂದರು. ಮೂರನೇ ಸಲ ಅವರು ಪರದೆಯ ಬಲತುದಿಯಲ್ಲಿ ನಿಂತಿದ್ದ ಮೇಳದ ಹೊಸ ಹುಡುಗನ ಕೈಯನ್ನು ತೋರಿಸಿದರು. ಹಾಡು ತಿರುಗುವಲ್ಲಿ ಅವನ ತಾಳ ಒಂದು ಪೆಟ್ಟು ಮುಂಚೆ ಬಿದ್ದಿತ್ತು.

"ಅವನಿಗೆ ಫೋನ್ ಹಚ್ಚು" ಎಂದರು ಮಾವನವರು, ತಾಳದ ಜೋಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ.